ಕೇಳದೆ ಬಂದ ಸಾಲ ಮತ್ತು ವಿಶ್ವಾಸಿಯ ಹೊಣೆ

ಇಶಾ ನಮಾಝ್ ಮುಗಿಸಿ ಮನೆಗೆ ಬಂದ ಗೃಹಸ್ಥನೊಬ್ಬನ ಮೊಬೈಲ್ ರಿಂಗಣಿಸುತ್ತದೆ. ಅತ್ತ ಕಡೆಯಿಂದ ಅಪರಿಚಿತ ಸ್ವರ. "ನಿಮ್ಮ ಹೆಸರಿನಲ್ಲಿ 5,900 ರೂಪಾಯಿ ಸಾಲ ಬಾಕಿಯಿದೆ. ಇವತ್ತೇ ಕಟ್ಟದಿದ್ದರೆ ನಾಳೆ ಮನೆ ಬಾಗಿಲಿಗೆ ಜನ ಬರುತ್ತಾರೆ." ಆತ ದಿಗಿಲುಗೊಳ್ಳುತ್ತಾನೆ. ಬ್ಯಾಂಕಿಗೆ ಹೋಗಿ ಸಾಲ ಕೇಳಿದವನಲ್ಲ, ಯಾವ ಕಾಗದಕ್ಕೂ ರುಜು ಹಾಕಿದವನಲ್ಲ. ಬಡ್ಡಿ ನಿಷಿದ್ಧವೆಂದು ಮಕ್ಕಳಿಗೆ ಕಲಿಸಿದವನು. ಹಾಗಿರುವಾಗ ಈ ಸಾಲ ಎಲ್ಲಿಂದ ಬಂತು?

ಇಂತಹ ಕರೆ ಇಂದು ನಮ್ಮ ಅನೇಕ ಮನೆಗಳಿಗೆ ಬರುತ್ತಿದೆ. ಕೆಲವರು ಹೆದರಿ ಕೇಳಿದಷ್ಟನ್ನೂ ತಕ್ಷಣ ಕಳಿಸಿಬಿಡುತ್ತಾರೆ. ಕೆಲವರು ಸಿಟ್ಟಿನಿಂದ ಬೈದು ಆ ಸಂಖ್ಯೆಯನ್ನು ಬ್ಲಾಕ್ ಮಾಡಿ ಮರೆತುಬಿಡುತ್ತಾರೆ. ಇನ್ನು ಕೆಲವರು ನಾಚಿಕೆಯಿಂದ ಯಾರಿಗೂ ಹೇಳದೆ ಒಳಗೊಳಗೇ ಕುಗ್ಗುತ್ತಾರೆ. ಈ ಮೂರೂ ಇಸ್ಲಾಮ್ ಕಲಿಸಿದ ದಾರಿಯಲ್ಲ. ಹಾಗಾದರೆ ವಿಶ್ವಾಸಿಯು ಏನು ಮಾಡಬೇಕು?

ಸಾಲ ಹಗುರವಾದ ವಿಷಯವಲ್ಲ

ಮೊದಲು ಸಾಲದ ಗಾಂಭೀರ್ಯವನ್ನು ಅರಿಯೋಣ. ಪ್ರವಾದಿವರ್ಯರು(ಸ) ನಮಾಝಿನಲ್ಲಿ ಪಾಪದಿಂದಲೂ ಸಾಲದಿಂದಲೂ ಅಲ್ಲಾಹನ ಅಭಯ ಯಾಚಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಸಾಲದಿಂದ ಇಷ್ಟೊಂದು ಅಭಯ ಯಾಚಿಸುವುದೇಕೆಂದು ಒಬ್ಬರು ಕೇಳಿದಾಗ, ಸಾಲದಲ್ಲಿ ಸಿಲುಕಿದವನು ಮಾತಾಡಿದರೆ ಸುಳ್ಳಾಡುತ್ತಾನೆ, ವಾಗ್ದಾನ ಮಾಡಿದರೆ ಮುರಿಯುತ್ತಾನೆ ಎಂಬ ಅರ್ಥದ ಉತ್ತರ ಕೊಟ್ಟರು. (ಬುಖಾರಿ, ಮುಸ್ಲಿಮ್)

ಎಂತಹ ಸೂಕ್ಷ್ಮ ಮಾತು! ಸಾಲವು ಕಿಸೆಯನ್ನು ಮಾತ್ರ ಬರಿದು ಮಾಡುವುದಿಲ್ಲ, ಚಾರಿತ್ರ್ಯವನ್ನೂ ತಿನ್ನುತ್ತದೆ. ವಸೂಲಿಗಾರನ ಕರೆ ಬಂದಾಗ "ಅಬ್ಬ ಮನೆಯಲ್ಲಿಲ್ಲ ಅಂತ ಹೇಳು" ಎಂದು ಮಗುವಿನ ಕೈಗೆ ಫೋನ್ ಕೊಡುವ ತಂದೆಯನ್ನು ನೆನೆಯಿರಿ. ಸಾಲ ಮಾಡಿದ್ದು ಯಾರೋ, ಸುಳ್ಳು ಕಲಿತದ್ದು ಮಗು.

ಹುತಾತ್ಮನ ಪಾಪಗಳೆಲ್ಲವೂ ಕ್ಷಮಿಸಲ್ಪಡುತ್ತವೆ, ಸಾಲದ ಹೊರತು ಎಂದು ಪ್ರವಾದಿ(ಸ) ಕಲಿಸಿದ್ದಾರೆ. (ಮುಸ್ಲಿಮ್) ಆಸ್ತಿ ಹಂಚುವ ಮುನ್ನ ಮೃತರ ವಸಿಯ್ಯತ್ ಮತ್ತು ಸಾಲ ತೀರಬೇಕೆಂದು ಪವಿತ್ರ ಕುರ್‌ಆನ್ (ಅನ್ನಿಸಾ: 11, 12) ಆದೇಶಿಸಿದೆ. ಆದುದರಿಂದ ಮೊತ್ತ ಚಿಕ್ಕದೆಂದೋ ಕೊಟ್ಟವನು ದೊಡ್ಡ ಕಂಪೆನಿಯೆಂದೋ ಸಾಲವನ್ನು ಕಡೆಗಣಿಸುವಂತಿಲ್ಲ.

ಮೊದಲ ಪ್ರಶ್ನೆ: ಈ ಸಾಲ ನನ್ನದೇ?

ಸಾಲ ಗಂಭೀರವೆಂದ ಮಾತ್ರಕ್ಕೆ, ಸಾಲವಿದೆಯೆಂದು ಹೇಳಿದವನ ಮಾತೆಲ್ಲ ಸತ್ಯವಾಗುವುದಿಲ್ಲ. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸಿ ನೋಡಬೇಕೆಂದು ಕುರ್‌ಆನ್ (ಅಲ್ ಹುಜುರಾತ್: 6) ಕಲಿಸಿದೆ. ಜನರು ವಾದಿಸಿದ್ದನ್ನೆಲ್ಲ ಅವರಿಗೆ ಕೊಟ್ಟುಬಿಟ್ಟರೆ ಇತರರ ಪ್ರಾಣ, ಸೊತ್ತುಗಳ ಮೇಲೂ ಹಕ್ಕು ಸಾಧಿಸಿಯಾರು ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಪುರಾವೆ ಒದಗಿಸುವ ಹೊಣೆ ವಾದಿಸುವವನ ಮೇಲಿದೆ ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೂಲ ಸೂತ್ರ.

ಆದುದರಿಂದ ಕರೆ ಬಂದಾಗ ಸೌಮ್ಯವಾಗಿ ನಾಲ್ಕು ಪ್ರಶ್ನೆ ಕೇಳಬೇಕು. ಸಾಲ ಕೊಟ್ಟ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಯಾವುದು? ಸಾಲದ ಖಾತೆ ಸಂಖ್ಯೆ ಮತ್ತು ದಿನಾಂಕ ಯಾವುದು? ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು? ಕರೆ ಮಾಡಿದವರನ್ನು ವಸೂಲಿಗೆ ನೇಮಿಸಿದ ಪತ್ರ ಎಲ್ಲಿದೆ? "ಇವೆಲ್ಲವನ್ನೂ ಬರಹದಲ್ಲಿ ಕಳಿಸಿ, ನೋಡಿ ಉತ್ತರಿಸುತ್ತೇನೆ" ಎಂದು ಹೇಳಿ ಮಾತು ಮುಗಿಸಬೇಕು. ಫೋನಿನಲ್ಲಿ ಒಟಿಪಿ, ಕಾರ್ಡ್ ಸಂಖ್ಯೆ, ಆಧಾರ್ ಸಂಖ್ಯೆ ಕೊಡಬಾರದು. ಅವರು ಕಳಿಸಿದ ಲಿಂಕನ್ನು ಒತ್ತಬಾರದು.

ಎರಡನೆಯದಾಗಿ ನಿಮ್ಮ ಕ್ರೆಡಿಟ್ ವರದಿಯನ್ನು ತರಿಸಿ ನೋಡಿ. ಜನರು ಸಾಮಾನ್ಯವಾಗಿ 'ಸಿಬಿಲ್' ಎಂದು ಕರೆಯುವ ಈ ವರದಿಯನ್ನು ನಮ್ಮ ದೇಶದಲ್ಲಿ ನಾಲ್ಕು ಕಂಪೆನಿಗಳು ಇಟ್ಟುಕೊಳ್ಳುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ನಿಮ್ಮ ಹೆಸರಿನಲ್ಲಿ ಯಾವ ಸಂಸ್ಥೆಯಲ್ಲಿ ಎಷ್ಟು ಸಾಲವಿದೆಯೆಂದು ಅದರಲ್ಲಿ ಕಾಣುತ್ತದೆ.

ಕೇಳದ ಸಾಲ ಹುಟ್ಟುವ ದಾರಿಗಳು

ವಿಚಾರಿಸಿದಾಗ ಹೆಚ್ಚಾಗಿ ಈ ದಾರಿಗಳಲ್ಲೊಂದು ಕಂಡುಬರುತ್ತದೆ.

ಒಂದು, 'ಈಗ ಖರೀದಿಸಿ, ಆಮೇಲೆ ಪಾವತಿಸಿ' ಎಂಬ ಆಮಿಷ. ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಆರಿಸಿ ಹಣ ಕೊಡುವ ಹಂತಕ್ಕೆ ಬಂದಾಗ ಈ ಬಟನ್ ಎದುರಾಗುತ್ತದೆ. ಒತ್ತಿದವನು ಅಂಗಡಿಯವನಲ್ಲಿ ಕಡ ಹೇಳಿದೆನೆಂದು ಭಾವಿಸುತ್ತಾನೆ. ನಿಜದಲ್ಲಿ ಹಿಂದೆ ನಿಂತ ಹಣಕಾಸು ಸಂಸ್ಥೆಯೊಂದು ಆತನ ಹೆಸರಿನಲ್ಲಿ ಸಾಲದ ಖಾತೆ ತೆರೆದಿರುತ್ತದೆ. ಕಂತು ತಪ್ಪಿದರೆ ಬಡ್ಡಿ, ದಂಡ ಶುರು.

ಎರಡು, ತಾನಾಗಿ ಕಡಿತವಾಗುವ ಕಂತು. ಖಾತೆ ಬದಲಾಯಿತು, ಹಳೆಯ ಖಾತೆಯಲ್ಲಿ ಹಣವಿಲ್ಲ, ಕಂತು ಹಿಂದೆ ಬಂತು, ಎಚ್ಚರಿಕೆಯ ಸಂದೇಶ ಹಳೆಯ ಸಿಮ್‌ಗೆ ಹೋಯಿತು. ತಿಂಗಳುಗಳ ಬಳಿಕ ವಸೂಲಿಗಾರನೇ ಸುದ್ದಿ ತರುತ್ತಾನೆ.

ಮೂರು, ಹೆಸರು ಎರವಲು ಕೊಡುವುದು. "ಮಾಮ, ನಿಮ್ಮ ಪಾನ್ ನಂಬರೂ ಒಟಿಪಿಯೂ ಒಮ್ಮೆ ಕೊಡಿ, ಕಂತು ನಾನು ಕಟ್ಟುತ್ತೇನೆ" ಎನ್ನುತ್ತಾನೆ ಸೋದರಳಿಯ. ಬಾಂಧವ್ಯದಿಂದ ಕೊಡುತ್ತೇವೆ. ಆತ ಕಟ್ಟದಿದ್ದರೆ ಕಾನೂನಿನಲ್ಲಿ ಸಾಲಗಾರ ಮಾಮನೇ.

ನಾಲ್ಕು, ಪೂರ್ತಿ ವಂಚನೆ. ಕಳವಾದ ಗುರುತಿನ ದಾಖಲೆಯಿಂದ ಬೇರಾರೋ ಸಾಲ ಪಡೆದಿರುತ್ತಾರೆ. ಅಥವಾ ಅನಧಿಕೃತ ಆ್ಯಪ್ ಒಂದು, ಕೇಳದೆಯೇ ಖಾತೆಗೆ ಸ್ವಲ್ಪ ಹಣ ಹಾಕಿ ವಾರದೊಳಗೆ ದುಪ್ಪಟ್ಟು ಕೇಳುತ್ತದೆ. ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು 2021ರ ಆರಂಭದ ಎರಡು ತಿಂಗಳಲ್ಲಿ ಪರಿಶೀಲಿಸಿದಾಗ ಸುಮಾರು 1,100 ಸಾಲದ ಆ್ಯಪ್‌ಗಳು ಕಂಡುಬಂದಿದ್ದವು. ಅವುಗಳಲ್ಲಿ ಸುಮಾರು 600 ಅಕ್ರಮವಾಗಿದ್ದವು.

ನಾವು ಆರಂಭದಲ್ಲಿ ಹೇಳಿದ ಮನೆಯಲ್ಲಿ ಏನಾಗಿರಬಹುದು? ತಂದೆ ಮಗನನ್ನು ಕರೆದು ಕೇಳುತ್ತಾನೆ: "ಮಗನೇ, ನನ್ನ ಮೊಬೈಲಿನಲ್ಲಿ ನೀನೇನಾದರೂ ತರಿಸಿದ್ದೆಯಾ?" ಮಗ ತಲೆ ತಗ್ಗಿಸುತ್ತಾನೆ. "ಹೌದಬ್ಬ, ಹೋದ ವರ್ಷ ಪೆರ್ನಾಳಿಗೆ ಶೂ ತರಿಸಿದ್ದೆ. 2,400 ರೂಪಾಯಿ. ಮೂರು ಕಂತು ಎಂದಿತ್ತು. ಮೊದಲ 800 ಕಟ್ಟಿದ್ದೆ. ಉಳಿದದ್ದು ತಾನಾಗಿ ಹೋಗುತ್ತದೆಂದುಕೊಂಡಿದ್ದೆ." ಅಸಲು ಬಾಕಿ 1,600. ಕೇಳುತ್ತಿರುವುದು 5,900. ಉಳಿದ 4,300 ಬಡ್ಡಿ, ದಂಡ ಮತ್ತು ವಸೂಲಿ ಶುಲ್ಕ.

ಸಾಲ ನಮ್ಮದಲ್ಲವಾದರೆ

ಪರಿಶೀಲಿಸಿದ ಬಳಿಕ ಸಾಲ ನಮ್ಮದಲ್ಲವೆಂದು ಖಚಿತವಾದರೆ, "ಹೇಗಾದರೂ ತೊಲಗಲಿ" ಎಂದು ಸ್ವಲ್ಪ ಹಣ ಕೊಟ್ಟು ಕೈತೊಳೆದುಕೊಳ್ಳಬಾರದು. ಭಾಗಶಃ ಪಾವತಿಯು ಸಾಲವನ್ನು ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಬಹುದು. ಅನ್ಯಾಯಕ್ಕೆ ಮಣಿದರೆ ಅನ್ಯಾಯಗಾರನಿಗೆ ಇನ್ನಷ್ಟು ಧೈರ್ಯ ಬರುತ್ತದೆ. ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಕ್ರೆಡಿಟ್ ವರದಿಯಲ್ಲಿ ಆ ಸಾಲವಿದ್ದರೆ ಆ ಕಂಪೆನಿಗೂ ತಕರಾರು ಸಲ್ಲಿಸಿ. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ವಿಳಂಬದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ವಂಚನೆಯಾಗಿದ್ದರೆ 1930 ಸಂಖ್ಯೆಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ ಅದರ ಪ್ರತಿ ಇಟ್ಟುಕೊಳ್ಳಿ.

ಕೇಳದೆಯೇ ಖಾತೆಗೆ ಬಂದು ಬಿದ್ದ ಹಣದ ಬಗ್ಗೆ ಒಂದು ಎಚ್ಚರಿಕೆ. ಅದು ವಂಚಕನು ಹಾಕಿದ್ದೇ ಆಗಿರಲಿ, ನಮ್ಮ ಸೊತ್ತಲ್ಲ. ಅದನ್ನು ಖರ್ಚು ಮಾಡಬಾರದು. ಆದರೆ ಆತ ಕೊಟ್ಟ ಯಾವುದೋ ವ್ಯಕ್ತಿಯ ಖಾತೆಗೆ ಮರಳಿಸಲೂಬಾರದು. ನಮ್ಮ ಬ್ಯಾಂಕಿಗೆ ಬರಹದಲ್ಲಿ ತಿಳಿಸಿ, ಅದರ ಮೂಲಕವೇ ಮರಳಿಸುವ ದಾರಿ ಹುಡುಕಬೇಕು. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂಬ ಆದೇಶ (ಅನ್ನಿಸಾ: 58) ಇಲ್ಲಿಯೂ ಅನ್ವಯಿಸುತ್ತದೆ.

ಸಾಲ ನಮ್ಮದೇ ಆದರೆ

ಶೂ ಮನೆಗೆ ಬಂದಿದೆ, ಮಗ ಧರಿಸಿದ್ದಾನೆ. ಅದರ ಬೆಲೆಯಲ್ಲಿ 1,600 ರೂಪಾಯಿ ಇನ್ನೂ ನಮ್ಮ ಕೊರಳಲ್ಲಿದೆ. "ನಾನು ಸಹಿ ಹಾಕಿಲ್ಲ" ಎಂಬ ನೆಪ ಇಲ್ಲಿ ಸಲ್ಲದು. ಕೊಡಲು ಶಕ್ತನಾಗಿದ್ದೂ ಮುಂದೂಡುವುದು ಅಕ್ರಮವೆಂದು ಪ್ರವಾದಿ(ಸ) ಕಲಿಸಿದ್ದಾರೆ. (ಬುಖಾರಿ, ಮುಸ್ಲಿಮ್) ಮರಳಿಸುವ ಉದ್ದೇಶದಿಂದ ಜನರ ಹಣ ಪಡೆದವನ ಪರವಾಗಿ ಅಲ್ಲಾಹನು ಅದನ್ನು ತೀರಿಸುವನು, ಕಬಳಿಸುವ ಉದ್ದೇಶದಿಂದ ಪಡೆದವನನ್ನು ನಾಶಗೊಳಿಸುವನು ಎಂಬುದೂ ಪ್ರವಾದಿ ವಚನದ ಸಾರ. (ಬುಖಾರಿ)

ಆದರೆ 4,300 ರೂಪಾಯಿಯ ಹೆಚ್ಚುವರಿಯ ಕಥೆಯೇನು? ಬಡ್ಡಿಯನ್ನು ಅಲ್ಲಾಹನು ನಿಷಿದ್ಧಗೊಳಿಸಿದ್ದಾನೆ. ಪಶ್ಚಾತ್ತಾಪ ಪಟ್ಟ ಸಾಲದಾತನಿಗೆ ಅಸಲು ಮಾತ್ರ ಹಕ್ಕು, ಅವನೂ ಅಕ್ರಮವೆಸಗಬಾರದು, ಅವನ ಮೇಲೂ ಅಕ್ರಮವಾಗಬಾರದು ಎಂಬುದು ಕುರ್‌ಆನಿನ (ಅಲ್ ಬಕರಃ: 279) ನ್ಯಾಯ. ಬಡ್ಡಿ ತಿನ್ನುವವನು, ಕೊಡುವವನು, ಅದನ್ನು ಬರೆಯುವವನು, ಅದಕ್ಕೆ ಸಾಕ್ಷಿ ನಿಲ್ಲುವವರು ಇವರೆಲ್ಲರನ್ನೂ ಪ್ರವಾದಿ(ಸ) ಶಪಿಸಿ, ಎಲ್ಲರೂ ಸಮಾನರೆಂದಿದ್ದಾರೆ. (ಮುಸ್ಲಿಮ್) ಆದುದರಿಂದ ತಿಳಿದೋ ತಿಳಿಯದೆಯೋ ಬಡ್ಡಿಯ ಕರಾರಿಗೆ ಒಪ್ಪಿದ್ದಕ್ಕೆ ಮೊದಲು ತೌಬಾ ಮಾಡಬೇಕು.

"ಸಮಯಕ್ಕೆ ಸರಿಯಾಗಿ ಕಟ್ಟಿದರೆ ಬಡ್ಡಿಯೇ ಇಲ್ಲವಲ್ಲ?" ಎಂದು ಕೆಲವರು ಕೇಳುತ್ತಾರೆ. ಖಾತೆಯಲ್ಲಿ ಹಣವಿಲ್ಲದೆ ಸಾಲದ ಮೇಲೆ ನಡೆಯುವ ಕ್ರೆಡಿಟ್ ಕಾರ್ಡಿನ ಬಗ್ಗೆ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸಭೆ ಸೇರಿ ಒಂದು ತೀರ್ಮಾನ ಕೊಟ್ಟಿತ್ತು. ಬಡ್ಡಿಯ ಷರತ್ತು ಇರುವ ಅಂತಹ ಕಾರ್ಡ್, ಅವಧಿಯೊಳಗೆ ಕಟ್ಟುವ ಸಂಕಲ್ಪವಿದ್ದರೂ ಅನುಮತಿಸಲ್ಪಟ್ಟದ್ದಲ್ಲ ಎಂಬುದೇ ಆ ತೀರ್ಮಾನ. ಈ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಆ ಎಚ್ಚರಿಕೆಯಲ್ಲಿ ಅಡಗಿದ ಯುಕ್ತಿಯನ್ನು ನಮ್ಮ ಶೂವಿನ ಕಥೆಯೇ ತೋರಿಸಿಕೊಡುತ್ತದೆ. ಕಟ್ಟುವ ಸಂಕಲ್ಪ ಆ ಮಗನಿಗೂ ಇತ್ತು.

ಸಿಕ್ಕಿಬಿದ್ದವನು ಹೊರಬರುವುದು ಹೇಗೆ? ಅಸಲನ್ನು ಕೊಡಲು ಸಿದ್ಧನೆಂದು ತಿಳಿಸಿ, ಬಡ್ಡಿ ಮತ್ತು ದಂಡವನ್ನು ಮನ್ನಾ ಮಾಡಬೇಕೆಂದು ಲಿಖಿತವಾಗಿ ಕೇಳಬೇಕು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರವೂ ಇಂತಹ ಸಾಲಗಳಲ್ಲಿ ದಂಡದ ಮೊತ್ತಕ್ಕೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಲೆಕ್ಕದ ಪಟ್ಟಿ ತರಿಸಿ ಇದನ್ನು ಪರೀಕ್ಷಿಸಬೇಕು. ಎಷ್ಟು ಪ್ರಯತ್ನಿಸಿದರೂ ಸ್ವಲ್ಪ ಹೆಚ್ಚುವರಿ ಕೊಡದೆ ಬಿಡುಗಡೆಯಿಲ್ಲವೆಂದಾದರೆ, ಅದು ಇನ್ನೂ ಬೆಳೆಯುವ ಮುನ್ನ ಕೊಟ್ಟು ಮುಕ್ತನಾಗಿ, ಮತ್ತೆಂದೂ ಆ ದಾರಿ ತುಳಿಯದಿರುವುದೇ ಲೇಸು. ಪ್ರತಿಯೊಬ್ಬರ ಸ್ಥಿತಿ ಬೇರೆಯಾದ್ದರಿಂದ ಊರಿನ ವಿದ್ವಾಂಸರಲ್ಲಿ ವಿಚಾರಿಸಿಕೊಳ್ಳಿ.

ಮಸೀದಿಯಲ್ಲಿ ನಡೆದ ಒಂದು ಇತ್ಯರ್ಥ

ರಾಜಿ ಕೇಳುವುದು ಅವಮಾನವೆಂದು ಕೆಲವರು ತಿಳಿದಿದ್ದಾರೆ. ಅವರು ಹಝ್ರತ್ ಕಅಬ್ ಬಿನ್ ಮಾಲಿಕ್(ರ)ರ ಘಟನೆಯನ್ನು ಓದಬೇಕು. ಇಬ್ನು ಅಬೀ ಹದ್ರದ್(ರ)ರಿಂದ ಅವರಿಗೆ ಸಾಲ ಬರಬೇಕಿತ್ತು. ಮಸೀದಿಯಲ್ಲೇ ಇಬ್ಬರ ಮಾತು ಜೋರಾಯಿತು. ಸದ್ದು ಕೇಳಿ ಪ್ರವಾದಿವರ್ಯರು(ಸ) ತಮ್ಮ ಕೋಣೆಯ ಪರದೆ ಸರಿಸಿ ಹೊರಬಂದು, ಅರ್ಧ ಸಾಲವನ್ನು ಬಿಟ್ಟುಬಿಡುವಂತೆ ಕಅಬ್‌(ರ)ರಿಗೆ ಕೈಸನ್ನೆ ಮಾಡಿದರು. ಕಅಬ್(ರ) ಒಡನೆ ಒಪ್ಪಿದರು. ಆಗ ಪ್ರವಾದಿ(ಸ) ಸಾಲಗಾರನತ್ತ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಆಜ್ಞಾಪಿಸಿದರು. (ಬುಖಾರಿ, ಮುಸ್ಲಿಮ್)

ಈ ಘಟನೆಯಲ್ಲಿ ಎರಡು ಪಾಠಗಳಿವೆ. ಸಾಲದಾತನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಸಾಲಗಾರನು ವಿಳಂಬಿಸಬಾರದು. ರಿಯಾಯಿತಿ ಪಡೆದು ಮತ್ತೆ ಕಂತು ತಪ್ಪಿಸುವವನು ಎರಡನೆಯ ಪಾಠವನ್ನು ಮರೆತಿದ್ದಾನೆ.

ಇಂದಿನ ರಾಜಿಯಲ್ಲಿ ಕೆಲವು ಎಚ್ಚರಿಕೆಗಳು ಬೇಕು. ಒಪ್ಪಿದ ಮೊತ್ತ, ಕಟ್ಟಬೇಕಾದ ದಿನಾಂಕ, ಕಟ್ಟಿದರೆ ಸಾಲ ಪೂರ್ತಿ ಮುಗಿಯುತ್ತದೆಂಬ ಮಾತು ಇವಿಷ್ಟೂ ಸಂಸ್ಥೆಯ ಪತ್ರದಲ್ಲಿರಲಿ. ವಸೂಲಿಗಾರನ ಬಾಯಿಮಾತು ಸಾಲದು. ಹಣವನ್ನು ಆತನ ಸ್ವಂತ ಖಾತೆಗೋ ಕೈಗೋ ಕೊಡದೆ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಕಟ್ಟಿ. ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಕಡಿಮೆ ಹಣಕ್ಕೆ ರಾಜಿಯಾದರೆ ಕ್ರೆಡಿಟ್ ವರದಿಯಲ್ಲಿ ಸಾಮಾನ್ಯವಾಗಿ 'ಸೆಟಲ್ಡ್' ಎಂದು, ಪೂರ್ತಿ ಕಟ್ಟಿದರೆ 'ಕ್ಲೋಸ್ಡ್' ಎಂದು ದಾಖಲಾಗುತ್ತದೆ. ಮುಂದೆ ಮನೆ ಬಾಡಿಗೆಗೋ ಉದ್ಯೋಗಕ್ಕೋ ವರದಿ ಕೇಳುವವರಿದ್ದಾರೆ. ಆದ್ದರಿಂದ ದಾಖಲೆ ಸರಿಯಾಗಿದೆಯೇ ಎಂದು ಎರಡು ತಿಂಗಳ ಬಳಿಕ ನೋಡಿಕೊಳ್ಳಿ. ವಿವಾದ ನ್ಯಾಯಾಲಯದತ್ತ ಸಾಗಿದರೆ ಲೋಕ ಅದಾಲತ್ತಿನಲ್ಲಿ ರಾಜಿ ಮಾಡಿಕೊಳ್ಳಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಇನ್ನೊಂದು ಮಾತು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇಂತಹ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. "ಮೂರು ವರ್ಷ ತಳ್ಳಿದರೆ ಸಾಲ ಹೋಯಿತು" ಎಂದು ಸಲಹೆ ಕೊಡುವವರಿದ್ದಾರೆ. ನ್ಯಾಯಾಲಯದಲ್ಲಿ ವಾದಿಸುವ ಹಕ್ಕು ಹೋಗಬಹುದು. ಆದರೆ ಅಲ್ಲಾಹನ ನ್ಯಾಯಾಲಯದಲ್ಲಿ ಕಾಲಮಿತಿಯ ಕಾಯ್ದೆ ಇದೆಯೇ? ಅಸಲು ಎಷ್ಟು ಹಳೆಯದಾದರೂ ಅಸಲೇ.

ವಸೂಲಿಗಾರನ ಮಿತಿ

ಒಮ್ಮೆ ಸಾಲದಾತನೊಬ್ಬ ಪ್ರವಾದಿವರ್ಯರ(ಸ) ಬಳಿಗೆ ಬಂದು ತನ್ನ ಒಂಟೆಯ ಸಾಲವನ್ನು ಒರಟಾಗಿ ಕೇಳಿದನು. ಸಹಾಬಿಗಳು ಅವನ ಮೇಲೆ ಎರಗಲು ಹೊರಟಾಗ ಪ್ರವಾದಿ(ಸ) ತಡೆದು, ಹಕ್ಕುದಾರನಿಗೆ ಮಾತಾಡುವ ಅಧಿಕಾರವಿದೆಯೆಂದರು. ಅವನ ಒಂಟೆಗಿಂತ ಉತ್ತಮ ಒಂಟೆಯನ್ನೇ ಕೊಡಿಸಿ, ಸಾಲವನ್ನು ಉತ್ತಮವಾಗಿ ತೀರಿಸುವವರೇ ಶ್ರೇಷ್ಠರೆಂದು ಕಲಿಸಿದರು. (ಬುಖಾರಿ, ಮುಸ್ಲಿಮ್) ಆದುದರಿಂದ ನ್ಯಾಯವಾಗಿ ಸಾಲ ಕೇಳುವವನನ್ನು ಬೈಯುವ ಹಕ್ಕು ನಮಗಿಲ್ಲ.

ಆದರೆ ಕೇಳುವವನಿಗೂ ಮಿತಿಯಿದೆ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ಕುರ್‌ಆನಿನ (ಅಲ್ ಬಕರಃ: 280) ಆದೇಶ. ಮಾನಹರಣ, ಬೇಹುಗಾರಿಕೆ, ಬೆದರಿಕೆ ಯಾವ ಹಕ್ಕುದಾರನಿಗೂ ಸಲ್ಲವು. ನಮ್ಮ ನಾಡಿನ ಕಾನೂನೂ ಇದನ್ನೇ ಹೇಳುತ್ತದೆ. 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕ್, ಬೆಳಿಗ್ಗೆ 8ಕ್ಕೆ ಮುನ್ನ ಮತ್ತು ಸಂಜೆ 7ರ ನಂತರ ವಸೂಲಿಯ ಕರೆ ಮಾಡಬಾರದು, ಬೆದರಿಸಬಾರದು, ಸಾರ್ವಜನಿಕವಾಗಿ ಅವಮಾನಿಸಬಾರದು, ಮನೆಯವರ ಮತ್ತು ಗೆಳೆಯರ ಖಾಸಗಿತನಕ್ಕೆ ಕೈಹಾಕಬಾರದು ಎಂದು ವಿಧಿಸಿತು. ಇಶಾ ನಮಾಝಿನ ಬಳಿಕ ಬಂದ ಆ ಕರೆಯೇ ನಿಯಮಬಾಹಿರ! ಸಾಲದ ಆ್ಯಪ್‌ಗಳು ಮೊಬೈಲಿನ ಸಂಪರ್ಕ ಪಟ್ಟಿಯನ್ನೂ ಚಿತ್ರಗಳನ್ನೂ ತೆಗೆದುಕೊಳ್ಳಬಾರದೆಂದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆದೇಶವಾಯಿತು.

ಮಿತಿ ಮೀರಿದರೆ ಕರೆಯ ದಿನಾಂಕ, ಸಮಯ, ಸಂದೇಶಗಳನ್ನು ಜೋಪಾನವಾಗಿಟ್ಟು ಸಂಸ್ಥೆಗೆ ದೂರು ಕೊಡಿ. 30 ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬೆದರಿಕೆ, ಅಶ್ಲೀಲ ಚಿತ್ರಗಳಿಗೆ ನೇರವಾಗಿ ಪೊಲೀಸರೇ ದಾರಿ. ಕರ್ನಾಟಕದಲ್ಲಿ ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೇ ಬಂತು. ಅದರಲ್ಲಿ 10 ವರ್ಷಗಳ ತನಕ ಜೈಲುಶಿಕ್ಷೆಗೆ ಅವಕಾಶವಿದೆ.

"ನಾಳೆಯೇ ನಿಮ್ಮನ್ನು ಬಂಧಿಸುತ್ತಾರೆ" ಎಂಬ ಮಾತಿಗೆ ಹೆದರಬೇಡಿ. ಸಾಲ ಕಟ್ಟಲಾಗದಿರುವುದು ತಾನಾಗಿಯೇ ಅಪರಾಧವಲ್ಲ, ಅದು ಸಿವಿಲ್ ವಿಷಯ. ಆದರೆ ಕೊಟ್ಟ ಚೆಕ್ ಅಥವಾ ಖಾತೆಯಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ಹಿಂದೆ ಹೋದರೆ ಕ್ರಿಮಿನಲ್ ಮೊಕದ್ದಮೆಗೆ ಕಾನೂನಿನಲ್ಲಿ ಅವಕಾಶವಿದೆ. ಅಂತಹ ನೋಟೀಸು ಬಂದರೆ ಕೈಗೆ ಸಿಕ್ಕ ದಿನದಿಂದ 15 ದಿನಗಳೊಳಗೆ ಹಣ ಕಟ್ಟಬೇಕಾಗುತ್ತದೆ. ಆದುದರಿಂದ ನೋಟೀಸನ್ನು ಮೂಲೆಗೆ ಎಸೆಯದೆ ವಕೀಲರಿಗೆ ತೋರಿಸಿ.

ಇಲ್ಲಿ ನಮ್ಮ ಯುವಕರಿಗೂ ಒಂದು ಮಾತು. ನಗರಗಳಲ್ಲಿ ಇಂತಹ ವಸೂಲಿ ಕರೆ ಮಾಡುವ ಕೆಲಸಕ್ಕೆ ಸೇರಿದವರು ನಮ್ಮಲ್ಲೂ ಇದ್ದಾರೆ. ಬಡ್ಡಿಯ ಲೆಕ್ಕ ಬರೆಯುವವನನ್ನೂ ಸೇರಿಸಿ ಹೇಳಿದ ಆ ಹದೀಸನ್ನು ಅವರು ಮತ್ತೊಮ್ಮೆ ಓದಲಿ. ಬಡವನ ಕಣ್ಣೀರಿನ ಮೇಲೆ ಸಿಗುವ ಕಮಿಷನ್ನಿನಲ್ಲಿ ಬರಕತ್ ಇರಲು ಸಾಧ್ಯವೇ? ಹಲಾಲ್ ಸಂಪಾದನೆಯ ಬೇರೆ ದಾರಿಯನ್ನು ಅವರು ಹುಡುಕಬೇಕು, ನಾವು ಅವರಿಗೆ ನೆರವಾಗಬೇಕು.

ಮನೆಯೊಳಗೆ ಮುಚ್ಚಿಡಬೇಡಿ

ಸಾಲಕ್ಕಿಂತಲೂ ಸಾಲದ ಗುಟ್ಟು ಹೆಚ್ಚು ಅಪಾಯಕಾರಿ. ಗಂಡ ಹೆಂಡತಿಗೆ ಹೇಳುವುದಿಲ್ಲ, ಮಗ ತಂದೆಗೆ ಹೇಳುವುದಿಲ್ಲ. ಒಂದನ್ನು ತೀರಿಸಲು ಇನ್ನೊಂದು ಆ್ಯಪಿನಿಂದ ಸಾಲ. 1,600ರ ವಿಷಯ ಲಕ್ಷ ಮುಟ್ಟುವುದು ಹೀಗೆಯೇ. ಮಾನ ಹೋಗುವ ಭಯದಿಂದ ಪ್ರಾಣವನ್ನೇ ಕಳಕೊಂಡ ಯುವಕರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿರೆಂದು ನಿಷೇಧಿಸಿದ ಸೂಕ್ತ (ಅನ್ನಿಸಾ: 29), ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬಾರದೆಂಬ ಆಜ್ಞೆಯ ಬೆನ್ನಿಗೇ ಬಂದಿದೆ. ಹಣದ ಕಷ್ಟಕ್ಕೂ ನಿರಾಶೆಗೂ ಇರುವ ನಂಟನ್ನು ನಮ್ಮ ಸೃಷ್ಟಿಕರ್ತನು ಬಲ್ಲನು.

ತಂದೆ ತಾಯಂದಿರೇ, ಮಗನು ಬಂದು ಸಾಲದ ಸುದ್ದಿ ಹೇಳಿದ ದಿನ ಅವನ ತಪ್ಪನ್ನು ಎಣಿಸುವ ದಿನವಲ್ಲ. ಮೊದಲು ಅವನ ಪಕ್ಕದಲ್ಲಿ ಕುಳಿತುಕೊಳ್ಳಿ. ಕಾಗದ ತೆಗೆದು ಲೆಕ್ಕ ಬರೆಯಿರಿ. ಬೋಧನೆಗೆ ನಾಳೆಯೂ ಸಮಯವಿದೆ. ಮನಸ್ಸು ತೀರಾ ಕುಗ್ಗಿದವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೂ ಕರೆದೊಯ್ಯಬೇಕು.

ಮಹಲ್ಲಾದ ಹೊಣೆ

ಒಬ್ಬ ವ್ಯಕ್ತಿಯ ಜನಾಝವನ್ನು ತರಲಾಯಿತು. ಆತನ ಮೇಲೆ ಮೂರು ದೀನಾರ್ ಸಾಲವಿತ್ತು, ಬಿಟ್ಟುಹೋದದ್ದು ಏನೂ ಇರಲಿಲ್ಲ. ನಿಮ್ಮ ಸಂಗಾತಿಗೆ ನೀವೇ ನಮಾಝ್ ಮಾಡಿರೆಂದು ಪ್ರವಾದಿ(ಸ) ಸಹಾಬಿಗಳಿಗೆ ಹೇಳಿದರು. ಆಗ ಹಝ್ರತ್ ಅಬೂ ಕತಾದ(ರ) ಮುಂದೆ ಬಂದು ಆ ಸಾಲ ತಮ್ಮ ಮೇಲಿರಲಿ ಎಂದರು. ಬಳಿಕವೇ ಪ್ರವಾದಿ(ಸ) ನಮಾಝ್ ಮಾಡಿದರು. (ಬುಖಾರಿ) ಮುಂದೆ ಅಲ್ಲಾಹನು ವಿಜಯಗಳನ್ನು ಕೊಟ್ಟಾಗ, ಸಾಲ ಬಿಟ್ಟು ತೀರಿದ ವಿಶ್ವಾಸಿಯ ಸಾಲವನ್ನು ತೀರಿಸುವ ಹೊಣೆ ತಮ್ಮದೆಂದು ಸ್ವತಃ ಪ್ರವಾದಿವರ್ಯರೇ(ಸ) ಘೋಷಿಸಿದರು.

ಇದು ನಮ್ಮ ಜಮಾಅತ್‌ಗಳಿಗಿರುವ ಪಾಠ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಮುಳುಗಿದವರೂ ಒಬ್ಬರು. (ಅತ್ತೌಬಃ: 60) ಆದರೆ ರಮಝಾನಿನಲ್ಲಿ ಝಕಾತ್ ಹಂಚುವಾಗ ಈ ವರ್ಗವನ್ನು ಎಷ್ಟು ಮಂದಿ ನೆನೆಯುತ್ತಾರೆ? ಕೈಚಾಚಿ ಬಾಗಿಲಿಗೆ ಬರುವವನಿಗೆ ಸಿಗುತ್ತದೆ. ಮಾನದಿಂದ ಬಾಯಿ ಮುಚ್ಚಿ ಕುಳಿತ ಸಾಲಗಾರನಿಗೆ ಸಿಗುವುದಿಲ್ಲ. ಭಟ್ಕಳದಂತಹ ಊರುಗಳಲ್ಲಿ ಬಡ್ಡಿರಹಿತ ಸಾಲ ಕೊಡುವ ಸೊಸೈಟಿಗಳು ನಡೆದುಬಂದಿವೆ. ಪ್ರತಿ ಮಹಲ್ಲಾದಲ್ಲೂ ಚಿಕ್ಕದೊಂದು ನಿಧಿಯಿದ್ದರೆ, 2,000 ರೂಪಾಯಿಯ ತುರ್ತಿಗೆ ನಮ್ಮ ಯುವಕರು ಆ್ಯಪಿನ ಬಾಗಿಲು ಬಡಿಯಬೇಕೇ? ಆದರೆ ಒಂದು ಶರತ್ತು: ಅಲ್ಲಾಹನಿಗಾಗಿ ಕೊಟ್ಟ ಸಾಲವೆಂದು ಅದನ್ನು ಮರಳಿಸದೆ ಉಳಿಸಿಕೊಳ್ಳಬಾರದು. ಬಡ್ಡಿಯವನಿಗೆ ಹೆದರಿ ಕಟ್ಟುವವರು ಬಡ್ಡಿಯಿಲ್ಲದವನನ್ನು ಸತಾಯಿಸಿದ್ದರಿಂದಲೇ ಎಷ್ಟೋ ನಿಧಿಗಳು ಮುಚ್ಚಿಹೋಗಿವೆ.

ಬರೆದಿಡುವ ಆಜ್ಞೆ

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದು? ನಮಾಝಿನ ಬಗ್ಗೆಯೂ ಅಲ್ಲ, ಹಜ್ಜಿನ ಬಗ್ಗೆಯೂ ಅಲ್ಲ, ಅದು ಸಾಲದ ಬಗ್ಗೆ. (ಅಲ್ ಬಕರಃ: 282) ಸಾಲವನ್ನು ಅವಧಿ ಸಹಿತ ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೇ ಆಗಿರಲಿ ದೊಡ್ಡದೇ ಆಗಿರಲಿ ಬರೆಯಲು ಬೇಸರಿಸಬಾರದು ಎಂಬುದೇ ಅದರ ಉಪದೇಶ. 1,400 ವರ್ಷಗಳ ಹಿಂದಿನ ಈ ಆಜ್ಞೆ ಇಂದಿನ ಮೊಬೈಲ್ ಪರದೆಗೆ ಎಷ್ಟು ಒಪ್ಪುತ್ತದೆ ನೋಡಿ. ಓದದೆ 'ಒಪ್ಪಿಗೆ' ಒತ್ತುವುದೇ ಈ ಎಲ್ಲ ಕಷ್ಟಗಳ ಬೇರು.

ಆದುದರಿಂದ ಈ ವಾರವೇ ಮನೆಮಂದಿಯೆಲ್ಲ ಕುಳಿತು ಕೆಲವು ಕೆಲಸ ಮಾಡಿ. ಮೊಬೈಲಿನಲ್ಲಿರುವ ಅಂಗಡಿ ಮತ್ತು ಹಣದ ಆ್ಯಪ್‌ಗಳನ್ನು ತೆರೆದು, 'ಆಮೇಲೆ ಪಾವತಿ' ಎಂಬ ಸೌಲಭ್ಯ ಚಾಲೂ ಇದ್ದರೆ ನಿಲ್ಲಿಸಿ. ತಾನಾಗಿ ಕಡಿತವಾಗುವ ಕಂತುಗಳ ಪಟ್ಟಿ ಮಾಡಿ. ಹಳೆಯ ಖಾತೆ, ಹಳೆಯ ಸಿಮ್ ಬಿಡುವ ಮುನ್ನ ಅವುಗಳಿಗೆ ಜೋಡಿಸಿದ್ದನ್ನೆಲ್ಲ ಬದಲಾಯಿಸಿ. ಪಾನ್, ಆಧಾರ್, ಒಟಿಪಿಯನ್ನು ನೆಂಟರಿಗೂ ಕೊಡಬೇಡಿ. ಕೊಡಲೇಬೇಕಾದರೆ ಆ ಸಾಲ ನಿಮ್ಮದೇ ಎಂದು ತಿಳಿದು ಕೊಡಿ. ತಿಳಿಯದೆ ಸಾಲವೊಂದನ್ನು ಒಪ್ಪಿದ್ದರೆ, ಅಧಿಕೃತ ಡಿಜಿಟಲ್ ಸಾಲಗಳಲ್ಲಿ ದಂಡವಿಲ್ಲದೆ ಹಿಂದೆಗೆಯಲು ಕನಿಷ್ಠ ಒಂದು ದಿನದ ಅವಕಾಶವಿದೆಯೆಂಬುದನ್ನು ನೆನಪಿಡಿ.

ಆ ಮನೆಯ ಕಥೆ ಎಲ್ಲಿಗೆ ಮುಟ್ಟಬೇಕು? ತಂದೆ ಪತ್ರ ಬರೆಯುತ್ತಾನೆ. ಲೆಕ್ಕ ತರಿಸುತ್ತಾನೆ. ದಂಡದ ಬಹುಪಾಲನ್ನು ಮನ್ನಾ ಮಾಡಿಸಿಕೊಂಡು, ಒಪ್ಪಿದ ಮೊತ್ತವನ್ನು ಅದೇ ದಿನ ಕಟ್ಟಿ, ಬಾಕಿಯಿಲ್ಲವೆಂಬ ಪತ್ರವನ್ನು ಮಗನ ಕೈಗೆ ಕೊಡುತ್ತಾನೆ. "ಇದನ್ನು ಜೋಪಾನವಾಗಿಡು ಮಗನೇ. ಮುಂದಿನ ಪೆರ್ನಾಳಿಗೆ ಕೈಯಲ್ಲಿ ಹಣವಿದ್ದರೆ ಶೂ ತರೋಣ. ಇಲ್ಲದಿದ್ದರೆ ಹಳೆಯದನ್ನೇ ಒರೆಸಿ ಹಾಕಿಕೊಂಡು ಈದ್‌ಗಾಹ್‌ಗೆ ಹೋಗೋಣ."

ಅಲ್ಲಾಹನು ನಮ್ಮನ್ನು ಸಾಲದ ಭಾರದಿಂದಲೂ ಜನರ ದಬ್ಬಾಳಿಕೆಯಿಂದಲೂ ಕಾಪಾಡಲಿ. ಹಲಾಲಾದದ್ದರಲ್ಲಿ ತೃಪ್ತಿಯನ್ನೂ, ಪರರ ಹಕ್ಕನ್ನು ತೀರಿಸದೆ ಇಹಲೋಕ ತ್ಯಜಿಸದಂತಹ ಭಾಗ್ಯವನ್ನೂ ಕರುಣಿಸಲಿ. ಆಮೀನ್.